ಕಂಬಳಿ ಮತ್ತು ಕಷಾಯ

ಮಾನವದೇಹದ ಸಹಜ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಎಂದು ನಿಮ್ಮಿಂದ ಎಷ್ಟು ಸಲ ಬರೆಯಿಸಿದ್ದೇನೋ ಲೆಕ್ಕವಿಲ್ಲ. ಆ ಅಂಕೆಯ ಬೆಲೆ ನನಗೇ ತಿಳಿದದ್ದು 2016ರ ಆಷಾಢದಲ್ಲಿ, ಅಣ್ಣನಿಗೆ ಪಾರ್ಶ್ವವಾಯು ಬಡಿದಾಗ.

ಸಂತೆಗುಳಿಯ ಮನೆಯ ಜಗಲಿಯಲ್ಲಿ ಕುಳಿತಿದ್ದವನ ಬಲಗೈ ಜೋತುಬಿತ್ತು, ಮಾತು ತೊದಲಿತು. ಹೊರಗೆ ಜಡಿಮಳೆ. ವಾಹನ ಬರುವವರೆಗೆ ಸುಮ್ಮನಿರಲಾರದೆ ಶುಂಠಿ, ಕಾಳುಮೆಣಸಿನ ಕಷಾಯ ಕಾಸಿ ನಾಲ್ಕು ಚಮಚ ಬಾಯಿಗೆ ಹಾಕಿದೆ. ಅವನು ಕೆಮ್ಮಿದ. ಒಳ್ಳೆಯದೇ ಆಯಿತೆಂದುಕೊಂಡೆ. ಕುಮಟಾದಲ್ಲಿ ತೋರಿಸಿ, ನೂರು ಕಿಲೋಮೀಟರಿಗೂ ಆಚೆಯ ಮಣಿಪಾಲದ ದಾರಿ ಹಿಡಿದೆವು. (ನಮ್ಮ ಜಿಲ್ಲೆಯವರು ದೊಡ್ಡ ಆಸ್ಪತ್ರೆ ಬೇಕೆಂದು ಏಕೆ ಕೂಗುತ್ತಾರೆಂಬುದು ಆ ದಾರಿಯಲ್ಲಿ ಹೋದವರಿಗೆ ಗೊತ್ತು.)

ಮರುದಿನ ರಾತ್ರಿ ಅಣ್ಣನಿಗೆ ನಡುಕ ಬಂತು. ಮನೆಯಿಂದ ಒಯ್ದಿದ್ದ ಕಂಬಳಿ ಹೊದೆಸಿದೆ. ನಾಲ್ಕು ತಾಸಿಗೊಮ್ಮೆ ಉಷ್ಣತೆ ನೋಡುತ್ತಿದ್ದ ದಾದಿ ಬಂದವಳೇ ಅದನ್ನು ತೆಗೆದಳು. 38.4! ಪ್ಯಾರಾಸಿಟಮಾಲ್ ಕೊಟ್ಟು, “ಮಾಸ್ತರರೇ, 37.5 ದಾಟಿದರೆ ನಾವು ಸುಮ್ಮನಿರುವಂತಿಲ್ಲ” ಎಂದಳು.

ರಕ್ತ ನಿಂತ ಮಿದುಳಿನ ನಡುಭಾಗ ಬೇಗ ಸಾಯುತ್ತದೆ. ಅದರ ಸುತ್ತಲಿನ ಭಾಗ ಅರೆಜೀವದಲ್ಲಿ ಉಳಿದಿರುತ್ತದೆ. ಜ್ವರ ಬಂದರೆ ಅದಕ್ಕೆ ಆಮ್ಲಜನಕವೂ ಸಕ್ಕರೆಯೂ ಹೆಚ್ಚು ಬೇಕು, ಬರುವ ರಕ್ತವೋ ಕಡಿಮೆ. ನೀರು ಸಾಲದ ಅಡಿಕೆ ತೋಟಕ್ಕೆ ಬಿಸಿಲೂ ಏರಿದಂತೆ.

ಮುಂದೆ ಈ ಕುರಿತು ಓದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಪಾರ್ಶ್ವವಾಯು ಘಟಕಗಳ ಅಧ್ಯಯನ 2011ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದಿದೆ. ದಾದಿಯರು ಮೊದಲ 72 ತಾಸು ಜ್ವರ, ರಕ್ತದ ಸಕ್ಕರೆ, ನುಂಗುವ ಶಕ್ತಿ ಈ ಮೂರನ್ನು ಕ್ರಮವಾಗಿ ನೋಡಿಕೊಂಡ ಕಡೆ, 90 ದಿನಗಳಲ್ಲಿ ತೀರಿಕೊಂಡವರು ಅಥವಾ ಪರಾಧೀನರಾದವರು ನೂರಕ್ಕೆ 42, ಉಳಿದೆಡೆ 58. ಮೂರರಲ್ಲಿ ಯಾವುದರ ಫಲವೆಷ್ಟೆಂದು ಬಿಡಿಸಿ ಹೇಳಲಾಗದು. ಜ್ವರ ಬಾರದಂತೆ ಯಂತ್ರದಿಂದ ಮೈ ತಂಪಾಗಿಟ್ಟ 2024ರ ಪ್ರಯೋಗವೊಂದರಲ್ಲಿ ಜ್ವರ ತಗ್ಗಿತು, ಚೇತರಿಕೆ ಮಾತ್ರ ಹೆಚ್ಚಲಿಲ್ಲ. ಆದುದರಿಂದ ಮಂಜುಗಡ್ಡೆ ಹುಡುಕಬೇಡಿ. ಜ್ವರವನ್ನು ಇಳಿಸುವುದು, ಅದರ ಕಾರಣ ಹುಡುಕುವುದು, ಇದು ವೈದ್ಯರ ಕೆಲಸ.

ಕಾರಣ ಹುಡುಕುತ್ತ ವೈದ್ಯರು ಕೇಳಿದರು: “ಬಾಯಿಗೆ ಏನಾದರೂ ಕೊಟ್ಟಿದ್ದಿರೋ?” ನುಂಗುವ ಶಕ್ತಿ ಕುಂದಿದಾಗ ದ್ರವ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುವುದುಂಟಂತೆ. ತರಗತಿಯಲ್ಲಿ ಉತ್ತರ ಬಾರದ ಹುಡುಗನಂತೆ ನಿಂತಿದ್ದೆ. ಕಷಾಯದ ಮಾತು ಹೇಳಲು ನನಗೆ ಐದು ನಿಮಿಷ ಹಿಡಿಯಿತು.

ಅಣ್ಣ ಹದಿನೆಂಟು ದಿನಕ್ಕೆ ಮನೆಗೆ ಬಂದ. ಬಲಗೈ ಪೂರ್ತಿ ಬರಲಿಲ್ಲ. ಮಾತು ನಿಧಾನವಾಗಿ ಬಂತು. ದೀಪಾವಳಿಯ ಹೊತ್ತಿಗೆ ಧೈರ್ಯ ಮಾಡಿ ಅವನೆದುರು ತಪ್ಪೊಪ್ಪಿಕೊಂಡೆ. ಬಹಳ ಹೊತ್ತು ನನ್ನನ್ನೇ ನೋಡಿ, ಒಂದೊಂದೇ ಪದ ಜೋಡಿಸಿ ಹೇಳಿದ: “ಮೆಣಸೂ... ಹೆಚ್ಚಾಗಿತ್ತು... ತಮ್ಮಾ.”