ಹಿನ್ನೀರ ಕಡೆಯ ಕಥೆಗಳು, ಭಾಗ 5: ಲಾಂಚ್ ಟೈಮು

ಹೋದ ಭಾಗದಲ್ಲಿ ಸೇತುವೆ ಫೋಟೋ ಹಾಕಿದ್ದೆ. ಕಮೆಂಟಲ್ಲಿ ಅರ್ಧಕ್ಕರ್ಧ ಜನ ಬರೆದಿದ್ದು ಒಂದೇ ಮಾತು, "ಲಾಂಚ್ ಮಿಸ್ ಮಾಡ್ಕೋತೀವಿ". ಸರಿ, ಇವತ್ತು ಲಾಂಚ್ ಬಗ್ಗೆನೇ ಬರೀತೀನಿ. ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ.

ಗೊತ್ತಿಲ್ಲದೋರಿಗೆ ಮೊದ್ಲು ಜಾಗ ಹೇಳ್ಬಿಡ್ತೀನಿ. ಸಾಗರದಿಂದ ಸಿಗಂದೂರಿಗೆ ಹೋಗೋ ರಸ್ತೆ ಅಂಬಾರಗೊಡ್ಲು ಹತ್ರ ಸೀದಾ ನೀರಿಗೆ ಬಂದು ನಿಲ್ತಿತ್ತು. ಆಚೆ ದಡ ಕಳಸವಳ್ಳಿ. ನಡುವೆ ಶರಾವತಿ ಹಿನ್ನೀರು. ಕಾರು, ಜೀಪು, ಬೈಕು, ಬಸ್ಸು, ಜನ, ಎಲ್ಲಾ ಒಂದೇ ಲಾಂಚ್ ಮೇಲೆ ದಾಟಬೇಕು. ನಮ್ಮನೆ ಆಚೆ ದಡದಲ್ಲಿ, ತುಮರಿ ಕಡೆ.

ಈ ನೀರು ಮೊದ್ಲಿಂದ ಇದ್ದಿದ್ದಲ್ಲ. ಹೊಳೆ ಇತ್ತು, ಹೊಳೆ ಪಕ್ಕ ಗದ್ದೆ, ತೋಟ, ಊರು ಇತ್ತು. 1948ರ ಹೊತ್ತಿಗೆ ಮಡೆನೂರಲ್ಲಿ ಹಿರೇಭಾಸ್ಕರ ಡ್ಯಾಂ ಕಟ್ಟಿದ್ರು, ಜೋಗದ ಕರೆಂಟಿಗೆ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಮುಗೀತು. ಅದು ಎಷ್ಟು ದೊಡ್ಡದು ಅಂದ್ರೆ ಮೊದಲನೇ ಡ್ಯಾಮನ್ನೇ ಮುಳುಗಿಸ್ತು. ಬೇಸಿಗೇಲಿ ನೀರು ಇಳಿದಾಗ ಹಳೇ ಡ್ಯಾಂ ಮೇಲೆ ಕಾಣುತ್ತೆ, ಮೂರನೇ ಫೋಟೋ ನೋಡಿ. ಸುಮಾರು 300 ಚದರ ಕಿಲೋಮೀಟರ್ ನೀರು ನಿಂತ್ಕೊಂಡ್ತು. ಶರಾವತಿ ವಿದ್ಯುದಾಗಾರದ್ದು 1035 ಮೆಗಾವಾಟ್. ನಿಮ್ಮ ಮನೆ ಲೈಟು ಯಾವಾಗ್ಲೋ ಒಂದಿನ ನಮ್ಮ ನೀರಿಂದಾನೇ ಉರಿದಿರುತ್ತೆ. ಊರು ಕಳ್ಕೊಂಡವರಲ್ಲಿ ಎಷ್ಟೋ ಜನ ಶಿವಮೊಗ್ಗ ಕಡೆ ಕಾಡಿಗೆ ಹೋದ್ರು. ಎತ್ತರದ ಜಾಗದಲ್ಲಿ ಇದ್ದೋರು ಅಲ್ಲೇ ಉಳಿದ್ರು. ನಾವು ಉಳಿದವರ ಪೈಕಿ. ಮುಳುಗಡೆ ಅಂದ್ರೆ ಮನೆ ಮುಳುಗಿದ್ದು ಮಾತ್ರ ಅಂದ್ಕೋತಾರೆ. ನಮ್ಮದು ರಸ್ತೆ ಮುಳುಗಿತ್ತು.

ಸುತ್ತು ದಾರಿ ಇಲ್ವಾ ಅಂತ ಕೇಳ್ತೀರ. ಇದೆ. ಕೋಗಾರು, ಕಾರ್ಗಲ್ ಮೇಲೆ ಸಾಗರಕ್ಕೆ ಹೋಗ್ಬಹುದು, ಹೆಚ್ಚುಕಮ್ಮಿ ದುಪ್ಪಟ್ಟು ದೂರ, ಕಾಡು ರಸ್ತೆ. ಮಳೆಗಾಲದ ರಾತ್ರೀಲಿ ಆ ದಾರೀಲಿ ಹೋಗಿ ನೋಡಿ, ಆಮೇಲೆ ಮಾತಾಡೋಣ.

ಲಾಂಚ್ ಓಡ್ಸೋದು ಸರ್ಕಾರದ ಒಳನಾಡು ಜಲಸಾರಿಗೆಯವರು. ನೋಡೋಕೆ ಏನಿಲ್ಲ, ಕಬ್ಬಿಣದ ಚಪ್ಪಟೆ ಅಂಗಳ, ಅಷ್ಟೆ. ಆದ್ರೆ ಅದ್ರ ಮೇಲೆ ಗಾಡಿ ಜೋಡ್ಸೋದಿದ್ಯಲ್ಲ, ಅದು ನಿಜವಾದ ಕೆಲ್ಸ. ಬಸ್ಸಿದ್ರೆ ಬಸ್ಸಿನ ಜಾಗ ಮೊದ್ಲು ನೋಡ್ಬೇಕು, ಭಾರ ಒಂದೇ ಕಡೆ ಬೀಳಬಾರ್ದು. ಆಮೇಲೆ ಕಾರು, ಕಾರಿನ ಸಂದೀಲಿ ಬೈಕು, ಬೈಕಿನ ಸಂದೀಲಿ ನಾವು. ಬೆಂಗಳೂರಿನ ಗಾಡಿಯೋರು ಹಲಗೆ ಮೇಲೆ ಹತ್ತಿಸೋಕೆ ಹೆದರಿ ನಿಂತ್ರೆ ಸಿಬ್ಬಂದಿ ಕೈ ಸನ್ನೆ ಮಾಡ್ತಾ "ಬನ್ನಿ ಸಾರ್, ಬನ್ನಿ, ಸ್ವಲ್ಪ ಎಡಕ್ಕೆ" ಅಂತ ಎಳ್ಕೊಂಡು ಹೋಗೋರು. ಮಂಗಳವಾರ, ಶುಕ್ರವಾರ ದೇವಸ್ಥಾನದ ರಶ್ಶು, ರಜೆ ಬಂದ್ರೆ ಕೇಳೋದೇ ಬೇಡ, ಕ್ಯೂ ಗುಡ್ಡದ ಮೇಲಿನ ತನಕ. ಅದೇ ಕ್ಯೂನಲ್ಲಿ ಸಾಗರದ ಮಂಡಿಗೆ ಅಡಿಕೆ ಒಯ್ಯೋ ಜೀಪೂ ಇರೋದು.

ಇನ್ನೊಂದು ವಿಷ್ಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬೇಸಿಗೇಲಿ ನೀರು ಇಳಿದ ಹಾಗೆ ದಡಾನೇ ಕೆಳಗೆ ಹೋಗುತ್ತೆ. ಡ್ಯಾಂ ತುಂಬಿದಾಗ ಮಟ್ಟ 1819 ಅಡಿ. ಮಳೆ ತಡ ಆದ ವರ್ಷ ಲಾಂಚ್ ದಡಕ್ಕೆ ಸರಿಯಾಗಿ ತಾಗೋಕೇ ಆಗಲ್ಲ. ಆಗ ಗಾಡಿ ಬಂದ್, ಜನ ಮಾತ್ರ. 2023ರ ಜೂನಲ್ಲಿ ಹಾಗೇ ಆಯ್ತು. ಈ ಕಡೆ ಒಂದು ಬಸ್ಸು, ಆ ಕಡೆ ಒಂದು ಬಸ್ಸು, ನಡುವೆ ಅಕ್ಕಿ ಮೂಟೆ ಹೊತ್ಕೊಂಡು ಕೆಸರಲ್ಲಿ ನಡಿಯೋದು. ರಾಜ್ಯಕ್ಕೆಲ್ಲ ಕರೆಂಟು ಬೇಕು ಅಂತ ನೀರು ಬಿಟ್ರೆ ನಮ್ಮ ರಸ್ತೆ ಖಾಲಿ ಆಗ್ತಿತ್ತು. ಇದು ಯಾರ ಬ್ಯಾಲೆನ್ಸ್ ಶೀಟಲ್ಲೂ ಬರಲ್ಲ.

ಬ್ಯಾಲೆನ್ಸ್ ಶೀಟ್ ಅಂದಿದ್ದಕ್ಕೆ ಹೇಳ್ತೀನಿ. ಪಿಯುಸಿಗೆ ನಾನು ಕಾಮರ್ಸ್ ತಗೊಂಡಿದ್ದಕ್ಕೆ ಒಂದು ಕಾರಣ ಲಾಂಚ್. ನಾನು ಸೇರ್ಬೇಕು ಅಂದ್ಕೊಂಡಿದ್ದ ಕಾಲೇಜಲ್ಲಿ ಸೈನ್ಸಿನೋರಿಗೆ ಮಧ್ಯಾಹ್ನದ ಮೇಲೆ ಲ್ಯಾಬು. ಲ್ಯಾಬ್ ಮುಗ್ಸಿ, ಬಸ್ ಹಿಡ್ದು, ಹೊಳೆ ಹತ್ರ ಬರೋ ಹೊತ್ತಿಗೆ ಕೊನೇ ಲಾಂಚ್ ಹೋಗಿರೋದು. ಹಾಸ್ಟೆಲ್ ಖರ್ಚು ಅಪ್ಪಯ್ಯನ ಕೈಲಿ ಆಗ್ತಿರ್ಲಿಲ್ಲ. ಅಕೌಂಟೆನ್ಸಿಗೆ ಲ್ಯಾಬ್ ಇಲ್ಲ. ಬಿಕಾಂ ಮೊದಲನೇ ವರ್ಷ ಮೇಷ್ಟ್ರು ಅವಕಾಶ ವೆಚ್ಚಕ್ಕೆ ಉದಾಹರಣೆ ಕೊಡಿ ಅಂದಾಗ ಇದನ್ನೇ ಹೇಳ್ದೆ. ಕ್ಲಾಸೆಲ್ಲ ನಕ್ಕಿತು, ಮೇಷ್ಟ್ರು ನಗಲಿಲ್ಲ. (ಈಗ ಅಕೌಂಟ್ಸ್ ಇಷ್ಟ ಆಗಿದೆ, ಅದು ಬೇರೆ ಮಾತು.)

ನಾನು ಏಳನೇ ಕ್ಲಾಸಲ್ಲಿದ್ದಾಗ ಅಜ್ಜಿಗೆ ರಾತ್ರಿ ಎದೆನೋವು ಬಂತು. ಲಾಂಚ್ ಕಟ್ಟಿ ಆಗಿತ್ತು. ಯಾರ್ಯಾರಿಗೋ ಫೋನ್ ಮಾಡಿ, ಸಿಬ್ಬಂದಿ ಎದ್ದು ಬಂದು, ಲಾಂಚ್ ಬಿಟ್ರು. ಅವ್ರು ಬರ್ಲೇಬೇಕು ಅಂತೇನಿರ್ಲಿಲ್ಲ, ಬಂದ್ರು. ಆ ಜೀಪೊಂದೇ ಇತ್ತು ಅಷ್ಟು ದೊಡ್ಡ ಲಾಂಚ್ ಮೇಲೆ. ಅಜ್ಜಿ ಉಳಿದ್ರು. ನಮ್ಮ ಕೇರೀಲೇ ಬೆಳಗಿನ ತನಕ ಕಾದು ಉಳೀದೇ ಹೋದೋರೂ ಇದ್ದಾರೆ.

ಅದಕ್ಕೇ ಸೇತುವೆಗೆ ಅಷ್ಟು ವರ್ಷ ಹೋರಾಟ ಮಾಡಿದ್ದು. 2018ರಲ್ಲಿ ಅಡಿಗಲ್ಲು, 2025ರ ಜುಲೈ 14ಕ್ಕೆ ಉದ್ಘಾಟನೆ. 2.44 ಕಿಲೋಮೀಟರ್ ಉದ್ದ, ಖರ್ಚು 470 ಕೋಟಿಗೂ ಮೇಲೆ. ಡ್ಯಾಂ ಮುಗಿದು 61 ವರ್ಷ ಆದ್ಮೇಲೆ. ಲೆಕ್ಕ ನೀವೇ ಹಾಕ್ಕೊಳ್ಳಿ.

ಲಾಂಚ್ ಮಿಸ್ ಆಗೋದು ಸುಳ್ಳಲ್ಲ. ಕಟ್ಟೆ ಹಿಡ್ಕೊಂಡು ನಿಂತ್ರೆ ಬರೋ ಗಾಳಿ, ಬೈಕ್ ಮೇಲೆ ಕೂತು ಕಾಪಿ ಹೊಡ್ಕೊಂಡ ಹೋಂವರ್ಕು, ಮದುವೆ ದಿಬ್ಬಣದ ಬಸ್ಸು ಹತ್ತಿದ್ರೆ ಲಾಂಚೆಲ್ಲ ಮಲ್ಲಿಗೆ ವಾಸನೆ. ನಂಗೂ ನೆನಪಾಗುತ್ತೆ. ಆದ್ರೆ ಒಂದ್ಸಲ ಬಂದು ರೀಲ್ ಮಾಡ್ಕೊಂಡು ಹೋದೋರು "ಸೇತುವೆ ಬಂದು ಚಂದ ಹಾಳಾಯ್ತು" ಅಂತ ಬರೆದ್ರೆ ಸಿಟ್ಟು ಬರುತ್ತೆ, ನಿಜ ಹೇಳ್ತೀನಿ. ಆ ಕಮೆಂಟ್ ಡಿಲೀಟ್ ಮಾಡಿಲ್ಲ, ಅಲ್ಲೇ ಇದೆ, ಅಜ್ಜಿಗೂ ಓದಿ ಹೇಳ್ದೆ. "ಅವ್ರನ್ನ ಒಂದ್ ಮಳೆಗಾಲ ನಮ್ಮನೇಲಿ ಇರೋಕೆ ಹೇಳು, ಊಟ ನಾ ಹಾಕ್ತೆ" ಅಂದ್ರು.

ಮುಂದಿನ ಭಾಗ ಹಸಿರುಮಕ್ಕಿ ಮತ್ತೆ ಮುಪ್ಪಾನೆ ಲಾಂಚ್ ಬಗ್ಗೆ, ಅವೂ ಇದೇ ಹಿನ್ನೀರಿನವು. ಆ ಕಡೆಯವರು ಯಾರಾದ್ರೂ ಇದ್ರೆ ಹಳೇ ಫೋಟೋ ಕಳ್ಸಿ, ನಿಮ್ಮ ಹೆಸರು ಹಾಕೇ ಹಾಕ್ತೀನಿ.