ಪಾಂಡವರಿಲ್ಲದ ಕುರುಕ್ಷೇತ್ರ

1884ರಲ್ಲಿ ಗುಬ್ಬಿಯಲ್ಲಿ ಸ್ಥಾಪನೆಯಾದ ನಾಟಕ ಕಂಪನಿಯನ್ನು ಬೆಳೆಸಿದ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದರೆಂದು ಅಜ್ಜ ಹೇಳುತ್ತಿದ್ದರು. ಅದನ್ನು ಕೇಳಿ ಬೆಳೆದ ನಾವು ಹಿತ್ತಿಲಲ್ಲೇ ಕುರುಕ್ಷೇತ್ರ ಹೂಡುತ್ತಿದ್ದೆವು. ಧರ್ಮರಾಯನ ಪಾತ್ರ ಯಾವಾಗಲೂ ನನ್ನದು. ಕುಂಟುತ್ತಿದ್ದ ಗೆಳೆಯನಿಗೆ ದ್ವಾರಪಾಲಕನ ಕೆಲಸ.

ಒಂದು ದಿನ ಬೇಸರಗೊಂಡು ಪಾಂಡವರನ್ನೇ ಬದಲಾಯಿಸಿದೆವು. ಭೀಮನ ಬದಲು ಹನುಮಂತ, ಅರ್ಜುನನ ಬದಲು ಸಿಂದಬಾದ್ ಬಂದರು. ಧರ್ಮರಾಯನ ಪೀಠದಲ್ಲಿ ಗೆಳೆಯನು ತೆನಾಲಿ ರಾಮಕೃಷ್ಣನಾಗಿ ಕುಳಿತನು. ಶಕುನಿಯು ಜೂಜಿಗೆ ಕರೆದೊಡನೆ, “ಆಡೋಣ ಮಾವ, ಆದರೆ ದಾಳ ನನ್ನದು” ಎಂದನು. ಶಕುನಿ ನಿರುತ್ತರನಾದನು. ಜೂಜು ನಿಂತಿತು, ಯುದ್ಧವೇ ನಡೆಯಲಿಲ್ಲ. ಆನೆಯಾಗಿದ್ದ ತಮ್ಮ ಅತ್ತನು, ಉಳಿದವರು ನಕ್ಕರು.

ನನಗೆ ಮಾತ್ರ ನಾಚಿಕೆಯಾಯಿತು. ಯುದ್ಧವನ್ನು ತಡೆಯಬಲ್ಲವನನ್ನು ನಾವು ಅಷ್ಟು ದಿನವೂ ಬಾಗಿಲಲ್ಲೇ ನಿಲ್ಲಿಸಿದ್ದೆವು!