ಕೆಟ್ಟ ರಸ್ತೆಯ ಬರ

ಮಳೆಗಾಲದ ಮಲೆನಾಡಿನಲ್ಲಿ ಜೀಪು ಇಟ್ಟುಕೊಂಡವನಿಗೆ ನೆಂಟರು ಜಾಸ್ತಿ. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಅಜ್ಜನಿಗೆ ಉಬ್ಬಸ ಏರಿದೆ, ಯಾರ ಗ್ಯಾಸ್ ಸಿಲಿಂಡರ್ ಪೇಟೆಯಲ್ಲೇ ಉಳಿದಿದೆ ಎಂಬುದೆಲ್ಲ ಅವನಿಗೆ ಕೇಳದೆಯೇ ತಿಳಿಯುತ್ತಿತ್ತು. ದಾರಿಯಲ್ಲಿ ಎದುರಾದವರು ಕೈಯೆತ್ತಿದರೆ ಅದು ನಮಸ್ಕಾರವೋ ನಿಲ್ಲಿಸು ಎಂಬ ಸನ್ನೆಯೋ ಹೇಳಲಾಗದು. ಹೆಚ್ಚಿನ ಸಲ ಎರಡೂ ಆಗಿರುತ್ತಿತ್ತು. ನಮ್ಮ ಕೊಪ್ಪದ ಕಡೆಯ ಒಳದಾರಿಗಳಲ್ಲಿ ಹೆರಿಗೆಗೆ ಹೋದದ್ದು ಜೀಪಿನಲ್ಲಿ, ದಿಬ್ಬಣ ಹೋದದ್ದು ಜೀಪಿನಲ್ಲಿ, ಮತಪೆಟ್ಟಿಗೆ ಹೋದದ್ದು ಜೀಪಿನಲ್ಲಿ, ಆಸ್ಪತ್ರೆಯಿಂದ ಹೆಣ ಮನೆಗೆ ಬಂದದ್ದೂ ಅದರಲ್ಲೇ. ಹೆಣ ತಂದ ಗಾಡಿಯನ್ನು ತೊಳೆದು ಮರುದಿನ ಮದುಮಗಳನ್ನು ಕೂರಿಸಿದರೆ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಬೇರೆ ವಾಹನ ಎಲ್ಲಿತ್ತು?

ಆ ಗೌರವದ ಆಸೆಗೇ ಇರಬೇಕು, ನಾನೂ ಒಂದು ಹಳೆಯ ಎಂಎಂ 540 ಕೊಂಡೆ. ಬಾಳೆಹೊನ್ನೂರಿನ ಕಡೆಯ ಕಾಫಿ ತೋಟವೊಂದರಲ್ಲಿ ಗೊಬ್ಬರ, ಆಳುಗಳು, ಕಾಫಿ ಮೂಟೆ ಎಲ್ಲವನ್ನೂ ಹೊತ್ತು ಸವೆದಿದ್ದ ಗಾಡಿ. ಕ್ಯಾನ್ವಾಸಿನ ಹುಡ್ ಇತ್ತು, ಬಾಗಿಲು ಇರಲಿಲ್ಲ. ನಮ್ಮನೆಯವಳು ಅದಕ್ಕೊಂದು ಸುತ್ತು ಬಂದು, "ಇದಕ್ಕೆ ಬಾಗಿಲು ಯಾವಾಗ ಬರ್ತದೆ?" ಅಂತ ಕೇಳಿದಳು. ಮೊದಲು ಕೆಳಗಿನ ಕೆಲಸ ಮುಗೀಲಿ, ಆಮೇಲೆ ಮೇಲಿನದು ಅಂದೆ. ಜೀಪು ಸಾಕಿದವರು ಈ ಮಾತು ಓದಿ ಇಷ್ಟು ಹೊತ್ತಿಗೆ ನಗುತ್ತಿರಬೇಕು.

ಹಳೆಯ ಜೀಪಿನ ವಿಷಯದಲ್ಲಿ ಒಂದು ಸಮಾಧಾನ ಉಂಟು. ಇದ್ದದ್ದನ್ನು ಬದಲಾಯಿಸಿ ಕೆಡಿಸಿದಿರಿ ಎಂದು ಯಾರೂ ದೂರುವ ಹಾಗಿಲ್ಲ. ಅದರ ವಂಶವೇ ಅಂಥದ್ದು. 1941ರಿಂದ ಅಮೆರಿಕದ ವಿಲ್ಲಿಸ್ ಕಂಪನಿ ಯುದ್ಧಕ್ಕೆಂದು ತಯಾರಿಸಿದ್ದು ಪೆಟ್ರೋಲ್ ಎಂಜಿನ್ನಿನ ಪುಟ್ಟ ಗಾಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 80 ಇಂಚು, ಅಷ್ಟೆ. 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಮಹೀಂದ್ರದವರು ಅದರ ಭಾಗಗಳನ್ನು ತರಿಸಿ ಜೋಡಿಸತೊಡಗಿದರು. ಕ್ರಮೇಣ ಪೆಟ್ರೋಲ್ ಹೋಗಿ ಡೀಸೆಲ್ ಬಂತು. ನನ್ನ ಜೀಪು ಹುಟ್ಟುವ ಹೊತ್ತಿಗೆ ಆ 80 ಇಂಚು 91 ಆಗಿ, ಬಾನೆಟ್ಟಿನ ಕೆಳಗೆ ಫ್ರಾನ್ಸಿನ ಪ್ಯೂಜೋ ವಿನ್ಯಾಸದ 2112 ಸಿಸಿ ಎಂಜಿನ್ ಬಂದು ಕೂತಿತ್ತು. ಅಮೆರಿಕದ ಮೈ, ಫ್ರಾನ್ಸಿನ ಎದೆ, ಕೊಪ್ಪದ ಕೆಸರು. ಕಾಗದದಲ್ಲಿ 62 ಅಶ್ವಶಕ್ತಿ. ಅದರಲ್ಲಿ ಈಗ ಎಷ್ಟು ಕುದುರೆ ಬದುಕಿವೆ ಎಂದು ಕೇಳಿದರೆ ನಮ್ಮ ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಮುಚ್ಚಿಬಿಡುತ್ತಾರೆ.

ಈ ಎಂಜಿನ್ನಿಗೆ ಕೀಲಿ ತಿರುಗಿಸಿದ ಕೂಡಲೆ ಎದ್ದು ಕೂರುವ ಅಭ್ಯಾಸ ಇಲ್ಲ. ಮೊದಲು ಹೀಟರ್ ಪ್ಲಗ್ ಕಾಯಬೇಕು. ನಾಲ್ಕು ಪ್ಲಗ್ಗಿನಲ್ಲಿ ಒಂದು ಸತ್ತಿದ್ದರೂ ಚಳಿಗಾಲದ ಬೆಳಿಗ್ಗೆ ಮೂರೇ ಸಿಲಿಂಡರಿನಲ್ಲಿ ಕುಂಟುತ್ತ, ನಾಲ್ಕನೆಯದು ಮನಸ್ಸು ಮಾಡುವವರೆಗೆ ಅಂಗಳದ ತುಂಬ ಬಿಳಿ ಹೊಗೆ ಕಾರುತ್ತದೆ. ತುಳಸಿಕಟ್ಟೆಗೆ ಸುತ್ತು ಬರುತ್ತಿದ್ದ ಅಮ್ಮ ಹೊಗೆಯೊಳಗೆ ಕಾಣೆಯಾಗಿ ಆ ಕಡೆಯಿಂದ ಕೆಮ್ಮುತ್ತ ಹೊರಬರುತ್ತಿದ್ದರು. ನಿಲ್ಲಿಸುವುದಕ್ಕೂ ಕೀಲಿ ಸಾಲದು, ಒಂದು ಗುಂಡಿ ಹಿಡಿದು ಎಳೆಯಬೇಕು. ಇದು ಗೊತ್ತಿಲ್ಲದ ಭಾವ ಒಮ್ಮೆ ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡುತ್ತಿರುವ ಎಂಜಿನ್ನಿನ ಮುಂದೆ ಬಹಳ ಹೊತ್ತು ನಿಂತಿದ್ದ.

ಮೇಸ್ತ್ರಿಯ ಶೆಡ್ಡಿಗೆ ಜೀಪು ಮೊದಲ ಸಲ ಹೋದಾಗ ಅವರು ಗಾಡಿಯನ್ನು ಬಿಟ್ಟು ನನ್ನನ್ನು ನೋಡಿದರು.

"ಎಂತಕ್ಕೆ ಇದು? ಗುಡ್ಡ ಹತ್ತಲಿಕ್ಕಾ, ಪೇಟೆಗೆ ಹೋಗಲಿಕ್ಕಾ?"

"ಎರಡಕ್ಕೂ."

"ಎರಡಕ್ಕೂ ಅಂದ್ರೆ ಎರಡೂ ಸರಿ ಆಗೂದಿಲ್ಲ ಮಾರಾಯ್ರೇ."

ಶುರುವಾದದ್ದು ಟೈರಿನಿಂದ. ಜಂಬಿಟ್ಟಿಗೆ ಮಣ್ಣಿನ ಏರಿಗೆ ನುಣ್ಣನೆ ಟೈರು ಪ್ರಯೋಜನವಿಲ್ಲ ಎಂದು 215/75 ಇದ್ದ ಕಡೆ 235/75ರ ಮಡ್ ಟೈರು ಹಾಕಿಸಿದೆ. ಗಾಡಿ ನೋಡಲು ಗಂಭೀರವಾಯಿತು. ಆದರೆ ಹೊಂಡಕ್ಕೆ ಇಳಿದಾಗೆಲ್ಲ ಟೈರು ಮಡ್‌ಗಾರ್ಡಿಗೆ ಉಜ್ಜತೊಡಗಿತು. ಉಜ್ಜಬಾರದೆಂದರೆ ಗಾಡಿ ಎತ್ತರವಾಗಬೇಕು. ಎತ್ತರಕ್ಕೆ ಎಲ್ಲ ಕಡೆಯ ಸ್ಪ್ರಿಂಗಿಗೂ ಒಂದೊಂದು ಪಟ್ಟೆ ಜಾಸ್ತಿ ಬಿತ್ತು. ಎತ್ತರವಾದಾಗ ಪ್ರೊಪೆಲ್ಲರ್ ಶಾಫ್ಟ್ ಓರೆಯಾಯಿತು. ಓರೆಯಾದ ಶಾಫ್ಟು ಯುಜೆ ಕ್ರಾಸನ್ನು ತಿಂದುಹಾಕಿ ಕಟಕಟ ಎನ್ನತೊಡಗಿತು. ಬ್ರೇಕಿನ ರಬ್ಬರ್ ಹೋಸು ಗಿಡ್ಡವಾಯಿತು. ಉದ್ದದ್ದು ಹಾಕಲು ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರ್ ಸೋರುತ್ತಿದ್ದದ್ದು ಮೇಸ್ತ್ರಿಯ ಕಣ್ಣಿಗೆ ಬಿತ್ತು. ಒಂದು ಕಡೆ ಗಟ್ಟಿ ಮಾಡಿದರೆ ನೋವು ಅದರ ಪಕ್ಕದ ಭಾಗಕ್ಕೆ ಸರಿಯುತ್ತದೆ, ಅಲ್ಲಿಂದ ಅದರ ಪಕ್ಕಕ್ಕೆ. ಹೀಗೆ ಸರಿದು ಸರಿದು ಕಡೆಗೆ ಅದು ಬಂದು ನಿಲ್ಲುವುದು ಮಾಲೀಕನ ಜೇಬಿನಲ್ಲಿ.

ದೊಡ್ಡ ಟೈರು ಇನ್ನೊಂದು ತಮಾಷೆಯನ್ನೂ ಮಾಡಿತು. ಅದರ ಸುತ್ತಳತೆ ಹಳೆಯದಕ್ಕಿಂತ ನೂರಕ್ಕೆ ನಾಲ್ಕರಷ್ಟು ಹೆಚ್ಚು. ಮೀಟರು 60 ತೋರಿಸುವಾಗ ಜೀಪು ನಿಜವಾಗಿ ಓಡುತ್ತಿರುವುದು 62ರ ಮೇಲೆ. ಗಾಡಿಗೆ ವೇಗ ಬಂತು ಅಂದೆ ನಾನು. ಮೀಟರಿಗೆ ಸುಳ್ಳು ಬಂತು ಅಂದರು ಮೇಸ್ತ್ರಿ. ಕಿಲೋಮೀಟರೂ ಕಡಿಮೆ ಬೀಳುವುದರಿಂದ ಡೀಸೆಲ್ ಲೆಕ್ಕ ಕೇಳಿದವರಿಗೆಲ್ಲ ಒಂದು ನೆಪ ಸಿಕ್ಕಿತು.

ಪಟ್ಟೆ ಹೆಚ್ಚಾದ ಜೀಪು ಅಡಿಕೆ ಮೂಟೆ ಹೇರಿದಾಗ ಬಲು ಸಭ್ಯ. ಖಾಲಿ ಇದ್ದರೆ ಕುಣಿತ. ಅತ್ತೆಯವರನ್ನು ಅದರಲ್ಲಿ ಕೂರಿಸಿಕೊಂಡು ಶೃಂಗೇರಿಗೆ ಹೋಗಿದ್ದೆವು. ಅವರು ಒಂದು ಮಾತೂ ದೂರಲಿಲ್ಲ. ಶಾರದಾಂಬೆಯ ದರ್ಶನ, ಊಟ ಎಲ್ಲ ಮುಗಿಸಿ ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ನಡೆದರು. ಅದೇ ವಾರ ಹಿಂದಿನ ಎರಡೂ ಬದಿಯ ಹೆಚ್ಚಿನ ಪಟ್ಟೆ ತೆಗೆಸಬೇಕಾಯಿತು. "ಗುಜರಿಗೆ ಹಾಕಬೇಡಿ, ಒಂದಿನ ಬೇಕಾಗ್ತದೆ" ಎಂದು ಮೇಸ್ತ್ರಿ ಅದನ್ನು ಗೋಡೆಗೆ ಒರಗಿಸಿ ಇಟ್ಟುಕೊಂಡರು. ಅವರ ಶೆಡ್ಡಿನಲ್ಲಿ ಹಾಗೆ ಒಂದಿನಕ್ಕಾಗಿ ಕಾಯುತ್ತಿರುವ ಸಾಮಾನು ಬೇಕಾದಷ್ಟಿವೆ.

ಬಾಗಿಲು? ಕಬ್ಬಿಣದ ಟಾಪು ಕಟ್ಟಿಸಿ ಬಾಗಿಲು ಇಡಿಸುವ ಮಾತು ಎದ್ದಾಗ ಕಾನೂನು ಅಡ್ಡ ಬಂತು. ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪವರ್ ಸ್ಟೀರಿಂಗಿನ ಆಸೆಯನ್ನೂ ಅಲ್ಲಿಗೇ ಬಿಟ್ಟೆ. ತೋಳಿಗೆ ವ್ಯಾಯಾಮ ಆಗುತ್ತದೆ. ಹೇಳಬೇಕೆಂದರೆ ಈ ಕಟ್ಟುನಿಟ್ಟು ನನಗೆ ಒಪ್ಪಿಗೆಯೇ. ಘಾಟಿಯ ತಿರುವಿನಲ್ಲಿ ಎದುರಿನವನ ಕಣ್ಣು ಕುಕ್ಕುವ ದೀಪದ ಸಾಲು, ಪಾದಚಾರಿಯ ಸೊಂಟದ ಮಟ್ಟಕ್ಕೆ ಕಬ್ಬಿಣದ ಕೊಳವೆ, ಇವುಗಳಿಂದ ಯಾವ ಗುಡ್ಡ ಹತ್ತುವುದಿದೆ? ಆದರೆ ನಮ್ಮನೆಯವಳಿಗೆ ಕಾನೂನಿನ ಸಮಾಧಾನ ತಲುಪಲಿಲ್ಲ. "ಸೀರೆ ಒದ್ದೆಯಾಗೂದು ನಂದು, ಸುಪ್ರೀಂ ಕೋರ್ಟಿದ್ದಲ್ಲ" ಎಂದು ಜೀಪಿನೊಳಗೇ ಕೊಡೆ ಬಿಡಿಸಿದಳು. ಮಳೆಗಾಲದಲ್ಲಿ ಆ ಕೊಡೆಯ ಒಂದು ಕಡ್ಡಿ ಸದಾ ನನ್ನ ಎಡಗಿವಿಯ ಹತ್ತಿರ ಇರುತ್ತದೆ.

ಈಗ ಫೋರ್ ಹಾಕುವ ಸಂಗತಿಗೆ ಬರುತ್ತೇನೆ. ಹೊಸ ಗಾಡಿಗಳಲ್ಲಿ ಒಂದು ಗುಂಡಿ ತಿರುಗಿಸಿದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದಂತೆ. ನನ್ನದರಲ್ಲಿ ಗೇರಿನ ಪಕ್ಕದ ಲಿವರ್ ಎಳೆದರೆ ಅರ್ಧ ಕೆಲಸ ಮಾತ್ರ. ಉಳಿದರ್ಧಕ್ಕೆ ಕೆಳಗಿಳಿದು ಮುಂದಿನ ಎರಡೂ ಚಕ್ರದ ನಡುವಿನ ಹಬ್ಬನ್ನು ಕೈಯಿಂದ ಲಾಕ್ ಮಾಡಬೇಕು. ಮೇಸ್ತ್ರಿಯ ಸೂತ್ರ ಹೀಗಿದೆ: ಎರಡು ಚಕ್ರದಲ್ಲಿ ಹೋಗಿ ಹೂತುಕೊಂಡರೆ ನಾಲ್ಕರಲ್ಲಿ ಹೊರಗೆ ಬನ್ನಿ, ನಾಲ್ಕರಲ್ಲೇ ಹೋಗಿ ಹೂತುಕೊಂಡರೆ ಟ್ರ್ಯಾಕ್ಟರಿನವರಿಗೆ ಫೋನ್ ಮಾಡಿ. ಸೂತ್ರವೇನೋ ಚೆನ್ನ. ಹೂತುಕೊಂಡ ಮೇಲೆ ಹಬ್ಬೂ ಕೆಸರಿನೊಳಗೇ ಇರುತ್ತದೆ ಎಂಬುದನ್ನು ಅದರಲ್ಲಿ ಹೇಳಿಲ್ಲ. ಮೊಣಕೈವರೆಗೆ ಕೈ ಹಾಕಿ ತಡಕಿ ಅದನ್ನು ತಿರುಗಿಸುವಷ್ಟರಲ್ಲಿ ಉಂಬಳ ಕಾಲು ಬಿಟ್ಟು ಕುತ್ತಿಗೆಗೆ ಬಂದಿರುತ್ತದೆ. ಟೈರಿನ ಗಾಳಿ 30ರಿಂದ 18ಕ್ಕೆ ಇಳಿಸಿದರೆ ಅದು ಚಪ್ಪಟೆಯಾಗಿ ನೆಲವನ್ನು ಹೆಚ್ಚು ಹಿಡಿಯುತ್ತದೆ. ಅದೂ ಆಗದಿದ್ದರೆ ಚಕ್ರಕ್ಕೆ ಸರಪಳಿ. ಇಷ್ಟೆಲ್ಲ ಮಾಡಿ ಲೋ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಜೀಪು ಒಮ್ಮೆ ನಡುಗಿ, ಯಾವ ಅವಸರವೂ ಇಲ್ಲದೆ, ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಏರು ಹತ್ತುತ್ತದಲ್ಲ, ಆ ಹೊತ್ತಿಗೆ ಹಿಂದಿನ ಖರ್ಚೆಲ್ಲ ಮರೆತುಹೋಗುತ್ತದೆ. ಮುಂದಿನ ಖರ್ಚು ಆಗಷ್ಟೇ ಶುರುವಾಗಿರುತ್ತದೆ. ಓಡಿ ಬಿಸಿಯಾದ ಆಕ್ಸಲ್ಲು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ ಸವೆದ ಆಯಿಲ್ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಡ್ರೈನ್ ಪ್ಲಗ್ ಬಿಚ್ಚಿದರೆ ಕೆಳಗೆ ಸುರಿಯುವುದು ಎಣ್ಣೆಯಲ್ಲ, ಹಾಲು ಜಾಸ್ತಿಯಾದ ಕಾಫಿಯಂಥ ಏನೋ ಒಂದು.

ಇಷ್ಟು ಹೇಳಿದ ಮೇಲೆ ಒಂದು ಮಾತು ಬಾಕಿ ಇದೆ. ನಮ್ಮ ರಸ್ತೆ ನಿಜವಾಗಿ ಕೆಟ್ಟಿದ್ದ ಮಳೆಗಾಲಗಳಲ್ಲಿ ಜೀಪು ಬಹುಪಾಲು ಮೇಸ್ತ್ರಿಯ ಶೆಡ್ಡಿನಲ್ಲೇ ಇತ್ತು. ಯುಜೆ ಕ್ರಾಸ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬರಬೇಕು, ಲೇತಿನವನು ಊರಿಗೆ ಹೋಗಿದ್ದಾನೆ, ಕರೆಂಟಿಲ್ಲ. ನಾನು ಕಂಬಳಿಕೊಪ್ಪೆ ಹಾಕಿಕೊಂಡು ನಡೆದೇ ಪೇಟೆಗೆ ಹೋಗಿ ಜೀಪಿನ ಯೋಗಕ್ಷೇಮ ವಿಚಾರಿಸಿಕೊಂಡು ಬರುತ್ತಿದ್ದೆ. ಕಡೆಗೂ ಕೆಳಗಿನ ಕೆಲಸ ಮುಗಿಯಿತು ಎಂದು ಮೇಸ್ತ್ರಿ ಸ್ಪ್ಯಾನರ್ ಒರೆಸಿಟ್ಟ ವರ್ಷವೇ ನಮ್ಮ ಮನೆಯ ದಣಪೆವರೆಗೆ ಕಾಂಕ್ರೀಟು ಬಂತು. 2000ದ ಕೊನೆಗೆ ಶುರುವಾದ ಗ್ರಾಮ ಸಡಕ್ ಯೋಜನೆ, ಅದರ ಹಿಂದೆ ಪಂಚಾಯಿತಿಯ ಕಾಮಗಾರಿಗಳು, ಶಾಸಕರ ಅನುದಾನ, ಒಂದಾದ ಮೇಲೊಂದು ಬಂದು ಕೊರಕಲುಗಳನ್ನೆಲ್ಲ ಮುಚ್ಚಿಹಾಕಿದವು. ಈಗ ಆಟೋ ಅಂಗಳಕ್ಕೇ ಬರುತ್ತದೆ. ಸಿಲಿಂಡರ್ ತಾನಾಗಿ ಬರುತ್ತದೆ. 108ಕ್ಕೆ ಫೋನ್ ಮಾಡಿದರೆ ಬಸುರಿಯನ್ನು ಕರೆದೊಯ್ಯಲು ಆಂಬುಲೆನ್ಸ್ ಬರುತ್ತದೆ. ದಾರಿಯಲ್ಲಿ ಯಾರಾದರೂ ಕೈಯೆತ್ತಿದರೆ ಅದು ನಮಸ್ಕಾರ ಮಾತ್ರ.

ಫೋರ್ ವೀಲನ್ನು ಕಾಂಕ್ರೀಟಿನ ಮೇಲೆ ಬಳಸುವ ಹಾಗೂ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಮಣ್ಣಿನಲ್ಲಾದರೆ ಚೂರು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಜಾಗವಿಲ್ಲದೆ ಬಿಗಿತವೆಲ್ಲ ಗೇರಿಗೆ, ಶಾಫ್ಟಿಗೆ ಬಂದು ಕೂರುತ್ತದೆ. ಹಾಗೆಂದು ಬಳಸದೆ ಬಿಟ್ಟರೆ ಲಿವರ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಹಬ್ಬಂತೂ ಮೊದಲೇ. ತಿಂಗಳಿಗೊಮ್ಮೆಯಾದರೂ ಫೋರ್ ಹಾಕಿ ಸ್ವಲ್ಪ ದೂರ ಮಣ್ಣಿನಲ್ಲಿ ಓಡಿಸಿ ಎಂದು ಮೇಸ್ತ್ರಿ ಪಥ್ಯ ಹೇಳಿದ್ದಾರೆ. ಹೀಗಾಗಿ ನಾನೀಗ ಕೆಟ್ಟ ರಸ್ತೆ ಹುಡುಕಿಕೊಂಡು ಹೋಗುವವನಾಗಿದ್ದೇನೆ. ಒಳ್ಳೆಯ ರಸ್ತೆ ಬಿಟ್ಟು ಗದ್ದೆಯಂಚಿನ ಕೆಸರಿಗೆ ಇಳಿಯುವುದನ್ನು ಕಂಡ ಆಚೆಮನೆಯವರು ಮೊದಲ ಸಲ ಗಾಬರಿಯಿಂದ ಓಡಿ ಬಂದರು. ಎರಡನೆಯ ಸಲ ನಮ್ಮನೆಯವಳ ಹತ್ತಿರ, "ಅವರು ಹುಷಾರಿದ್ದಾರಾ?" ಎಂದು ವಿಚಾರಿಸಿದರು.

ಬೆಂಗಳೂರಿನಿಂದ ಬರುವ ಹುಡುಗರದ್ದು ಇನ್ನೊಂದು ಕಥೆ. ನಾವು ಅರ್ಜಿ ಬರೆದು ಬರೆದು ಓಡಿಸಿದ ಕೆಸರನ್ನು ಅವರು ಹೋಂಸ್ಟೇಯವರಿಗೆ ದುಡ್ಡು ಕೊಟ್ಟು ಹುಡುಕಿಸುತ್ತಾರೆ. ತಿಂಡಿಗೆ ನೀರುದೋಸೆ, ಆಮೇಲೆ ಹೂತುಕೊಳ್ಳುವುದು. ಅವರಲ್ಲೊಬ್ಬ ನನ್ನ ಜೀಪಿನ ಜೊತೆ ಫೋಟೊ ತೆಗೆಸಿಕೊಂಡು, "ಎಲ್ಲ ಒರಿಜಿನಲ್ಲಾ ಅಂಕಲ್?" ಅಂತ ಕೇಳಿದ. ಸ್ವಲ್ಪ ಯೋಚಿಸಿ, ನಂಬರ್ ಪ್ಲೇಟಿನ ನಂಬರು ಒರಿಜಿನಲ್ಲು ಅಂದೆ. ಆ ನಂಬರನ್ನು ಉಳಿಸಿಕೊಳ್ಳಲೂ ಈಗ ಭಾರವೇ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ಹೊಸದು ಮಾಡಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು.

ನಮ್ಮ ಸುತ್ತಿನಲ್ಲಿ ಈಗ ಉಳಿದಿರುವುದು ಒಂದೇ ಕೆಟ್ಟ ದಾರಿ. ಗುಡ್ಡದ ಮೇಲಿನ ಎರಡು ಮನೆಗೆ ಹೋಗುವ, ಅರ್ಧ ಕಿಲೋಮೀಟರಿನಷ್ಟು ಕಡಿದಾದ ಮಣ್ಣಿನ ಏರು; ಮಧ್ಯೆ ಒಂದು ಕಡೆ ಧರೆ ಕುಸಿದು ಒರತೆಯ ನೀರು ಅಡ್ಡ ಹರಿಯುತ್ತದೆ. ನನ್ನ ತಿಂಗಳ ಪಥ್ಯವೆಲ್ಲ ಅಲ್ಲೇ. ಮೊನ್ನೆ ಪಂಚಾಯಿತಿ ಮೆಂಬರು ಮನೆಗೆ ಬಂದು ಆ ದಾರಿಗೂ ಕಾಂಕ್ರೀಟು ಮಂಜೂರಾಗಿದೆ ಎಂದು ಸಿಹಿಸುದ್ದಿ ಹೇಳಿದರು. ಅಲ್ಲಿಯ ಅಜ್ಜಿಯನ್ನು ಕಳೆದ ಆಷಾಢದಲ್ಲಿ ಕುರ್ಚಿಯ ಮೇಲೆ ಕೂರಿಸಿ ಹೊತ್ತು ಇಳಿಸಿದವರಲ್ಲಿ ನಾನೂ ಒಬ್ಬ. ಆ ದಿನವೂ ಜೀಪು ಶೆಡ್ಡಿನಲ್ಲಿತ್ತು. ಬಹಳ ಒಳ್ಳೆಯದಾಯಿತು ಅಂದೆ. ಕಾಫಿ ಕೊಟ್ಟೆ. ಆಮೇಲೆ ತಡೆಯಲಾರದೆ, ಆ ಒರತೆಯ ಹತ್ತಿರದ ಒಂದು ಹತ್ತು ಮಾರು ಹಾಗೇ ಬಿಡಲಿಕ್ಕೆ ಆಗ್ತದಾ ಎಂದು ಕೇಳಿದೆ. ತಮಾಷೆ ಎಂದುಕೊಂಡು ಅವರು ಜೋರಾಗಿ ನಕ್ಕರು.

"ನಾನು ಬಂದದ್ದೇ ಬೇರೆ ವಿಷಯಕ್ಕೆ ಮಾರಾಯ್ರೇ" ಅಂದರು. "ಜಲ್ಲಿ, ಸಿಮೆಂಟು ಎಲ್ಲ ಕೆಳಗೇ ಇಳಿಸಬೇಕು. ಆ ಏರಿಗೆ ಲಾರಿ ಹತ್ತೂದಿಲ್ಲ, ಟಿಪ್ಪರೂ ಹತ್ತೂದಿಲ್ಲ. ನಿಮ್ಮ ಜೀಪು ಒಂದು ನಾಲ್ಕು ದಿನ ಬೇಕಿತ್ತು."

ಅವರು ಹೋದ ಮೇಲೆ ಮೇಸ್ತ್ರಿಗೆ ಫೋನ್ ಮಾಡಿ, ಐವತ್ತು ಕೆಜಿಯ ಸಿಮೆಂಟ್ ಮೂಟೆ ಒಂದು ಸಲಕ್ಕೆ ಎಷ್ಟು ಹೇರಬಹುದು ಎಂದು ಕೇಳಿದೆ.

"ಈಗಿದ್ದ ಹಾಗೆ ಆದ್ರೆ ಎಂಟು. ಆ ಪಟ್ಟೆ ಇಲ್ಲೇ ಗೋಡೆಗೆ ಒರಗಿಸಿಟ್ಟದ್ದು ಉಂಟಲ್ಲ, ನಾಳೆ ಬೆಳಿಗ್ಗೆ ಜೀಪು ತನ್ನಿ, ಹನ್ನೆರಡು ಮಾಡುವ" ಅಂದರು.